ಓಡ್ತಾ ಓಡ್ತಾ ಹೋಗುತ್ತಂತೆ

ನನಗೊಂದು ಕೆಟ್ಟ ಅಭ್ಯಾಸವಿದೆ. ನೆಲಕ್ಕೆ ಬಿದ್ದ ಟವೆಲನ್ನು ನಾನು ಬಗ್ಗಿ ಎತ್ತುವುದಿಲ್ಲ. ನಿಂತಲ್ಲೇ ಕಾಲ್ಬೆರಳುಗಳಿಂದ ಅದನ್ನು ಇಷ್ಟಿಷ್ಟೇ ಮುದುರಿ ಹತ್ತಿರಕ್ಕೆ ಎಳೆದುಕೊಂಡು, ಹಿಡಿತಕ್ಕೆ ಸಿಕ್ಕ ಮೇಲೆ ಮೊಣಕಾಲು ಮಡಿಸಿ ಕೈಗೆ ದಾಟಿಸುತ್ತೇನೆ. ಟವೆಲ್ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬಾಚಣಿಗೆ, ಪೆನ್ಸಿಲ್ಲು, ಮಗಳ ಕಾಲುಚೀಲ, ಒಮ್ಮೆ ನೆಂಟರ ಮನೆಯಲ್ಲಿ ತಟ್ಟೆಯಿಂದ ಜಾರಿಬಿದ್ದ ವೀಳ್ಯದೆಲೆಯನ್ನೂ ಹೀಗೇ ಎತ್ತಿಬಿಟ್ಟೆ. ಆ ವೀಳ್ಯದೆಲೆಯ ವಿಷಯದಲ್ಲಿ ನಮ್ಮತ್ತೆ ನನ್ನನ್ನು ಇನ್ನೂ ಕ್ಷಮಿಸಿಲ್ಲ. ‘ಮೈ ಒರೆಸ್ಕಳ್ಳೋ ಬಟ್ಟೇನ ಕಾಲಲ್ಲಿ ಎತ್ತುತೀಯಲ್ಲೇ, ಕೈಗೇನಾಗೈತೆ ನಿಂಗೆ?’ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಮಗಳಂತೂ ನಮ್ಮಮ್ಮನಿಗೆ ನಾಲ್ಕು ಕೈ ಎಂದು ಶಾಲೆಯಲ್ಲೆಲ್ಲ ಸಾರಿ ಬಂದಿದ್ದಾಳೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಊರಿನಲ್ಲಿ ಮಕ್ಕಳಿಗೆ ಓಡುವುದನ್ನು ಕಲಿಸುತ್ತೇನೆ. ಓಡಿ ಬಂದ ಮೇಲೆ ಸಾಲಾಗಿ ಕೂರಿಸಿ ಕಾಲಿನಲ್ಲಿ ಟವೆಲ್ ಮುದುರುವುದನ್ನೂ ಕಲಿಸುತ್ತೇನೆ. ನೋವಿದ್ದವರಿಗೂ ಕಲಿಸುತ್ತೇನೆ, ಇಲ್ಲದವರಿಗೂ ಕಲಿಸುತ್ತೇನೆ. ಒಮ್ಮೆ ಅಡುಗೆ ಸಾಮಾನು ಇಳಿಸಲು ಬಂದಿದ್ದ ಆಟೋದವನಿಗೂ ಕಲಿಸಿದ್ದೇನೆ, ಅವನು ಕಾಲು ನೀವಿಕೊಳ್ಳುತ್ತಿದ್ದುದನ್ನು ನೋಡಿ. ಬೆನ್ನ ಹಿಂದೆ ಮಕ್ಕಳು ನನಗೆ ಇಟ್ಟಿರುವ ಹೆಸರು ‘ಟವೆಲ್ ಮಿಸ್ಸು’.

ಈ ವಿದ್ಯೆಯನ್ನು ನನಗೆ ಹೇಳಿಕೊಟ್ಟವರು ತುಮಕೂರಿನ ಒಬ್ಬ ಫಿಸಿಯೋಥೆರಪಿ ಮೇಡಂ. ಆಗ ನನಗೆ ಹದಿನೇಳು ವರ್ಷ. ಕಲಿತು ಬಂದದ್ದನ್ನು ಕೂಡಲೇ ಇನ್ನೊಬ್ಬಳಿಗೆ ಹೇಳಿಕೊಡಬೇಕಿತ್ತು. ಹೇಳಿಕೊಡಲಿಲ್ಲ. ಈಗ ಊರವರಿಗೆಲ್ಲ ಹೇಳಿಕೊಡುತ್ತಿದ್ದೇನೆ.

ಆ ಇನ್ನೊಬ್ಬಳು ನಸೀಮಾ. ತುರುವೇಕೆರೆಯ ಪೇಟೆಬೀದಿಯಲ್ಲಿ ಅವಳ ತಂದೆ ರಹಮತ್ ಮಾಮನ ಟೈಲರ್ ಅಂಗಡಿ. ನಾನು ದಂಡಿನಶಿವರದ ಕಡೆಯ ಹಳ್ಳಿಯವಳು, ಪಿಯುಸಿ ಓದಲು ದಿನಾ ಬಸ್ಸಿನಲ್ಲಿ ತುರುವೇಕೆರೆಗೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮೂರಿನಲ್ಲಿ ಆಗ ವಯಸ್ಸಿಗೆ ಬಂದ ಹುಡುಗಿ ಓಡಬೇಕಾದರೆ ಎರಡೇ ಕಾರಣ ಇರಬಹುದಿತ್ತು. ಬಸ್ಸು ಬಂದಿರಬೇಕು, ಇಲ್ಲ ಹಾವು ಬಂದಿರಬೇಕು. ನಾನು ಎರಡೂ ಇಲ್ಲದೆ ಓಡುತ್ತಿದ್ದೆ. ಅಪ್ಪನಿಗೆ ತೋಟಕ್ಕೆ ಮಜ್ಜಿಗೆ ಕೊಟ್ಟು ಬಾ ಎಂದರೆ, ತೆಂಗಿನ ಸಾಲಿನ ನಡುವೆ ಉತ್ತ ಮಣ್ಣಿನಲ್ಲಿ ಒಂದೇ ಉಸಿರಿಗೆ ಓಡುವುದು. ತಂಬಿಗೆ ತಲುಪುವಾಗ ಮಜ್ಜಿಗೆ ಅರ್ಧವಾಗಿರುತ್ತಿತ್ತು. ‘ನಿನ್ ಮಗಳು ಮಜ್ಜಿಗೇನ ತೋಟಕ್ಕೇ ಕುಡಿಸ್ತಾಳೆ ಕಣೇ, ಅದುಕ್ಕೇ ಎಳನೀರು ಹುಳಿ’ ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದರು.

ಹಾಗೆ ಓಡಿ ಓಡಿ ನಾನೇ ಈ ಸೀಮೆಗೆಲ್ಲ ದೊಡ್ಡ ಓಟಗಾರ್ತಿ ಎಂದುಕೊಂಡಿದ್ದೆ. ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಆ ಭ್ರಮೆ ಹೋಯಿತು. ಪಿ.ಟಿ. ಮೇಷ್ಟ್ರು ಹುಡುಗಿಯರನ್ನೆಲ್ಲ ಮೈದಾನ ಸುತ್ತಿಸಿದಾಗ, ಎಣ್ಣೆ ಹಚ್ಚಿ ಬಿಗಿದ ಒಂದು ಜಡೆ ನನ್ನ ಮುಂದೆ ಹೋಯಿತು. ಎಷ್ಟು ಓಡಿದರೂ ಆ ಜಡೆಗೂ ನನಗೂ ನಡುವಿನ ನಾಲ್ಕು ಹೆಜ್ಜೆ ಕಡಿಮೆಯಾಗಲಿಲ್ಲ. ಎರಡು ವರ್ಷ ನಾನು ಆ ಜಡೆಯನ್ನು ನೋಡಿಕೊಂಡೇ ಓಡಿದ್ದು. ಅದರ ತುದಿಯ ಕೆಂಪು ರಬ್ಬರ್‌ಬ್ಯಾಂಡು ಎಷ್ಟು ಸುತ್ತು ಸುತ್ತಿರುತ್ತಿತ್ತು ಎಂಬುದನ್ನೂ ಹೇಳಬಲ್ಲೆ. ಮೂರು.

ಓಟ ಮುಗಿದ ಮೇಲೆ ಮಾತ್ರ ನಾನೂ ನಸೀಮಾಳೂ ಒಂದೇ ಜೀವ. ಮಧ್ಯಾಹ್ನದ ಬುತ್ತಿ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನ ರಾಗಿರೊಟ್ಟಿ ಅವಳಿಗೆ, ಅವಳ ಚಪಾತಿ ನನಗೆ. ರಹಮತ್ ಮಾಮ ಮಿಷನ್ನಿನ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಇವತ್ತು ಎಷ್ಟು ಸುತ್ತು, ಯಾರು ಮುಂದೆ ಎಂದು ವಿಚಾರಿಸುತ್ತಿದ್ದರು. ಮಗಳು ಓಡುತ್ತಾಳೆ ಎಂದು ಬೀದಿಯಲ್ಲಿ ಒಬ್ಬರಿಬ್ಬರು ಆಡಿಕೊಂಡದ್ದಕ್ಕೆ ಅವರು ಕೊಟ್ಟ ಉತ್ತರ, ನಮ್ಮಿಬ್ಬರಿಗೂ ಒಂದೊಂದು ಟ್ರ್ಯಾಕ್ ಪ್ಯಾಂಟು ಹೊಲಿದದ್ದು. ಅವರು ಅದುವರೆಗೆ ಅಂಥ ಪ್ಯಾಂಟನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಪೇಪರಿನಲ್ಲಿ ಬಂದಿದ್ದ ಯಾರೋ ಓಟಗಾರನ ಚಿತ್ರವನ್ನು ಗೋಡೆಗೆ ಅಂಟಿಸಿ, ಅದನ್ನು ನೋಡಿ ಕತ್ತರಿಸಿದರು. ಚಿತ್ರದಲ್ಲಿದ್ದವನ ಒಂದು ಕಾಲು ಮಾತ್ರ ಕಾಣುತ್ತಿದ್ದುದರಿಂದ ಇನ್ನೊಂದು ಕಾಲಿನ ಬಿಳಿ ಪಟ್ಟಿ ಅವರ ಊಹೆ. ಹಾಗಾಗಿ ನಮ್ಮ ಎಡಗಾಲಿಗೆ ಎರಡು ಪಟ್ಟಿ, ಬಲಗಾಲಿಗೆ ಒಂದು. ಮೇಲೆ ಎರಡೂ ಕಡೆ ಆಳವಾದ ಜೇಬು ಬೇರೆ.

‘ಓಡೋರಿಗೆ ಜೇಬು ಯಾಕೆ ಮಾಮ?’ ಎಂದು ನಕ್ಕೆ.

‘ಗೆದ್ದಿದ್ದು ಇಟ್ಕಳ್ಳಕ್ಕೆ ಬೇಟಿ,’ ಎಂದರು, ಗುಂಡುಸೂಜಿ ತೆಗೆಯದೆ.

ಎರಡನೇ ಪಿಯುಸಿಯ ವರ್ಷ ಮೇಷ್ಟ್ರಿಗೆ ಹುರುಪು ಬಂತು. ಸಾವಿರದೈನೂರು ಮೀಟರಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬಳನ್ನಾದರೂ ರಾಜ್ಯಮಟ್ಟಕ್ಕೆ ಕಳಿಸಲೇಬೇಕು ಎಂದು ಹಟ ತೊಟ್ಟರು. ತಾಲ್ಲೂಕಿನಲ್ಲಿ ಗೆದ್ದ ಇಬ್ಬರು ಜಿಲ್ಲೆಗೆ, ಜಿಲ್ಲೆಯಲ್ಲಿ ಮೊದಲು ಬಂದ ಒಬ್ಬಳು ಮಾತ್ರ ರಾಜ್ಯಕ್ಕೆ. ರಾಜ್ಯಮಟ್ಟದ ಸರ್ಟಿಫಿಕೇಟು ಇದ್ದರೆ ಪಿ.ಟಿ. ಟೀಚರ್ ಟ್ರೈನಿಂಗಿಗೆ ಸೀಟು ಸಿಗುವುದು ಸುಲಭ. ನಮಗಿಬ್ಬರಿಗೂ ಬೇಕಾಗಿದ್ದುದು ಅದೇ. ಮೈದಾನದಲ್ಲಿ ಮಳೆಯ ನೀರು ನಿಂತಿದ್ದರಿಂದ ಬೆಳಗ್ಗೆ ಟಾರು ರಸ್ತೆಯಲ್ಲಿ ಓಡಿಸಲು ಶುರುಮಾಡಿದರು. ಮೊದಲು ಎರಡು ಮೈಲಿ, ಮಾರನೇ ವಾರ ನಾಲ್ಕು, ಅದರಾಚೆ ಆರು. ಕಾಲಲ್ಲಿ ಕಾಗದದಂಥ ಅಡಿಯ ಕ್ಯಾನ್ವಾಸ್ ಶೂ.

ಒಂದು ತಿಂಗಳಿಗೆ ಕಣಕಾಲು ಹಿಡಿಯಿತು. ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯ ಉದ್ದಕ್ಕೂ, ಹಲ್ಲುನೋವಿನಂಥ ನೋವು. ಓಡಲು ಶುರುಮಾಡಿದಾಗ ಜೋರು, ಮೈ ಬಿಸಿಯಾದ ಮೇಲೆ ಮಾಯ, ಮನೆಗೆ ಬಂದು ಕೂತರೆ ಮತ್ತೆ ಹಾಜರು. ನಸೀಮಾಳಿಗೂ ಅದೇ. ಅಂಗಡಿಯ ಹಿಂದೆ ಕೂತು ನಾವು ಒಬ್ಬರ ಕಾಲನ್ನೊಬ್ಬರು ಒತ್ತಿ ನೋಡುತ್ತಿದ್ದೆವು. ‘ಇಲ್ಲಾ?’ ‘ಹೂಂ ಕಣೇ, ಅಲ್ಲೇ, ಅಯ್ಯಯ್ಯೋ ಬುಡು!’ ಎಂದು ಕಿರುಚಿ ನಗುತ್ತಿದ್ದೆವು. ನಮ್ಮಜ್ಜಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ನೀವಿದಳು. ಅವಳಮ್ಮ ಅರಿಶಿನ ಸುಣ್ಣದ ಪಟ್ಟು ಹಾಕಿದರು. ನನ್ನ ಕಾಲು ಪೂಜೆಯ ಕೋಣೆಯಂತೆ ಘಮಘಮಿಸಿತು, ಅವಳದು ಮದುಮಗಳ ಕಾಲಿನಂತೆ ಕೆಂಪಾಯಿತು. ನೋವು ಎಲ್ಲಿಗೂ ಹೋಗಲಿಲ್ಲ. ಮೇಷ್ಟ್ರಿಗೆ ಹೇಳಿದರೆ, ‘ನೋವು ಅಂತ ಕೂತ್ರೆ ಕಾಲೂ ಕೂತ್ಬುಡುತ್ತೆ. ಓಡ್ರಮ್ಮ’ ಎಂದರು.

ನನ್ನ ಸೋದರಮಾವ ತುಮಕೂರಿನಲ್ಲಿ ಲಾರಿ ಓಡಿಸುತ್ತಿದ್ದರು. ಸೊಂಟ ಹಿಡಿದು ಮಲಗಿದ್ದ ಅವರನ್ನು ಎಬ್ಬಿಸಿ ನಿಲ್ಲಿಸಿದ್ದು ಅಲ್ಲಿನ ಒಬ್ಬ ಫಿಸಿಯೋಥೆರಪಿ ಮೇಡಂ. ಅಂದಿನಿಂದ ಮಾವ ತಲೆನೋವಿಗೂ ಅವರ ಹೆಸರನ್ನೇ ಹೇಳುತ್ತಿದ್ದರು. ನಾನು ಕುಂಟುವುದನ್ನು ನೋಡಿ ಒಂದು ಶನಿವಾರ ಅಲ್ಲಿಗೆ ಕರೆದುಕೊಂಡು ಹೋದರು.

ಮೇಡಂ ವಯಸ್ಸಿನಲ್ಲಿ ಚಿಕ್ಕವರು. ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತಾ ಬಂದರು. ‘ಒಂದೇ ಕಡೆ ನೋಯುತ್ತಾ, ಉದ್ದಕ್ಕೂ ನೋಯುತ್ತಾ?’

‘ಉದ್ದಕ್ಕೂ ಮೇಡಂ.’

‘ಕೂತಿದ್ದಾಗ, ಮಲಗಿದ್ದಾಗ?’

‘ಸ್ವಲ್ಪ ಹೊತ್ತು ಇರುತ್ತೆ, ಆಮೇಲೆ ಹೋಗುತ್ತೆ.’

‘ಪುಣ್ಯ ಮಾಡಿದ್ದೀಯ,’ ಎಂದು ನಕ್ಕರು. ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ, ಓಡುವವರಿಗೆ ಬರುವ ನೋವು, ಮೂಳೆಯನ್ನು ಹಿಡಿದಿರುವ ಸ್ನಾಯುಗಳು ದಣಿದು ಎಳೆಯುತ್ತಿವೆ ಎಂದು ವಿವರಿಸಿದರು. ಔಷಧಿ ಚೀಟಿಯ ಬದಲು ಒಂದು ಹಾಳೆಯಲ್ಲಿ ಬೆಂಕಿಕಡ್ಡಿಯಂಥ ಮನುಷ್ಯರನ್ನು ಬರೆದುಕೊಟ್ಟರು. ಒಬ್ಬ ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಹಿಗ್ಗಿಸುತ್ತಿದ್ದ. ಒಬ್ಬ ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತಿದ್ದ. ಒಬ್ಬ ಬೆರಳುಗಳನ್ನು ಮೇಲೆತ್ತಿ ಹಿಮ್ಮಡಿಯಲ್ಲೇ ನಡೆಯುತ್ತಿದ್ದ. ಇನ್ನೊಬ್ಬ ಕುರ್ಚಿಯಲ್ಲಿ ಕೂತು ಕಾಲ್ಬೆರಳಿನಿಂದ ಟವೆಲ್ ಮುದುರುತ್ತಿದ್ದ. ಮೂರು ವಾರ ಓಟ ಬೇಡ, ಸೈಕಲ್ ತುಳಿ. ದಿನಕ್ಕೆರಡು ಸಲ ಐಸ್ ಉಜ್ಜು. ನೋವು ಹೋದ ಮೇಲೆ ಮೆತ್ತನೆಯ ನೆಲದಲ್ಲಿ ಸ್ವಲ್ಪ ಸ್ವಲ್ಪವೇ ಓಡು, ಒಂದೇ ಸಲ ಜಾಸ್ತಿ ಮಾಡಬೇಡ. ಇಷ್ಟೇ ಚಿಕಿತ್ಸೆ.

ಏಳುವಾಗ ಅವರು ಎರಡು ಮಾತು ಹೇಳಿದರು. ಅವೆರಡೂ ನನಗೆ ಅಕ್ಷರಶಃ ನೆನಪಿವೆ. ‘ಉದ್ದಕ್ಕೂ ಇರೋ ನೋವು ಒಂದೇ ಕಡೆ ಬಂದು ನಿಂತ್ರೆ, ಸುಮ್ಮನೆ ಕೂತಾಗಲೂ ನೋಯ್ತಿದ್ರೆ, ಒಂದು ಹೆಜ್ಜೆನೂ ಓಡಬಾರದು. ಮೂಳೆ ಬಿರುಕು ಬಿಡ್ತಿದೆ ಅಂತ ಅರ್ಥ.’ ಇದು ಒಂದು. ಇನ್ನೊಂದು, ‘ನಿನ್ನ ಜೊತೆ ಓಡೋರಿಗೂ ಈ ನೋವು ಇರುತ್ತೆ. ಈ ಹಾಳೇನ ಅವರಿಗೂ ತೋರಿಸು.’

ತೋರಿಸಬೇಕೆಂದೇ ಹೊರಟೆ, ನಂಬಿ. ವಾಪಸು ಬರುವಾಗ ಬಸ್ಸಿನಲ್ಲಿ ಹಾಳೆಯನ್ನು ಹತ್ತು ಸಲ ಬಿಡಿಸಿ ನೋಡಿದೆ. ಅರ್ಧ ದಾರಿ ದಾಟುವವರೆಗೂ ನಸೀಮಾಳಿಗೆ ಆ ಬೆಂಕಿಕಡ್ಡಿ ಮನುಷ್ಯರನ್ನು ಹೇಗೆ ನಟಿಸಿ ತೋರಿಸುವುದೆಂದು ಯೋಚಿಸುತ್ತಿದ್ದೆ. ಎಲ್ಲಿ ಬದಲಾಯಿತೋ ಗೊತ್ತಿಲ್ಲ. ಬದಲಾದದ್ದು ನನಗೇ ತಿಳಿಯಲಿಲ್ಲ. ಸೋಮವಾರ ಅಂಗಡಿಯ ಮೆಟ್ಟಿಲು ಹತ್ತಿದಾಗ ನಸೀಮಾ ಓಡಿಬಂದಳು.

‘ಏನಂದ್ರೇ ಡಾಕ್ಟ್ರು?’

ಹಾಳೆ ನನ್ನ ಪುಸ್ತಕದೊಳಗೆ ಇತ್ತು. ಅವಳ ಭುಜದ ಮೇಲಿಂದ ಆ ಜಡೆ ಮುಂದಕ್ಕೆ ಬಿದ್ದಿತ್ತು.

‘ಏನಿಲ್ಲ ಕಣೇ. ವಯಸ್ಸಿಗೆ ಬರೋ ನೋವಂತೆ. ಓಡ್ತಾ ಓಡ್ತಾ ಹೋಗುತ್ತಂತೆ.’

ಅವಳ ಮುಖ ಅರಳಿತು. ಒಳಗಿದ್ದ ತಂದೆಯ ಕಡೆ ತಿರುಗಿ, ‘ಅಬ್ಬಾ, ಏನೂ ಇಲ್ವಂತೆ! ಓಡ್ತಾ ಓಡ್ತಾ ಹೋಗುತ್ತಂತೆ!’ ಎಂದು ಕೂಗಿದಳು. ರಹಮತ್ ಮಾಮ ಮಿಷನ್ ನಿಲ್ಲಿಸಿದರು. ‘ಹಂಗಾದ್ರೆ ಸರಿ. ಬರೋ ಬುಧವಾರ ಅಂಗಡಿ ಮುಚ್ಚಿ ಇವಳನ್ನೂ ತುಮಕೂರಿಗೆ ಕರ್ಕಂಡು ಹೋಗಣ ಅಂತಿದ್ದೆ. ದೊಡ್ಡ ಡಾಕ್ಟ್ರೇ ಹೇಳಿದ್ ಮ್ಯಾಲೆ ಇನ್ನೇನು’ ಎಂದು ಮತ್ತೆ ತುಳಿಯತೊಡಗಿದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಚಪಾತಿ ತಿಂದು ಎದ್ದು ಬಂದೆ.

ಆಮೇಲೆ ನಾನು ಮೂರು ವಾರ ಓಡದಿರಲು ಒಂದು ಕಾರಣ ಬೇಕಾಯಿತು. ಟೈಫಾಯ್ಡ್ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದೆ. ನಮ್ಮ ಮನೆಯ ಅಟ್ಟದಲ್ಲಿ ಕೊಬ್ಬರಿಗೆ ಹಾಕಿದ ಕಾಯಿಗಳ ರಾಶಿ. ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲೇ ನನ್ನ ವ್ಯಾಯಾಮಶಾಲೆ. ಅದರ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತುವುದು, ಇಳಿಸುವುದು. ಪಡಸಾಲೆಯಲ್ಲಿ ಹಿಮ್ಮಡಿಯ ಮೇಲೆ ಬಾತುಕೋಳಿಯಂತೆ ನಡೆಯುವುದು. ಐಸಿಗಾಗಿ ಐಸ್‌ಕ್ಯಾಂಡಿಯವನನ್ನು ಕಾದು, ಎರಡು ಕೆಂಪು ಕ್ಯಾಂಡಿ ಕೊಂಡು ಕಾಲಿಗೆ ಉಜ್ಜಿಕೊಳ್ಳುವುದು. ಮನೆಯವರೆಲ್ಲ ನನಗೆ ಟೈಫಾಯ್ಡಿಗಿಂತ ದೊಡ್ಡ ಕಾಯಿಲೆ ಬಂದಿದೆ ಎಂದುಕೊಂಡರು, ಅದೂ ತಲೆಗೆ.

ಎರಡನೇ ವಾರ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಬೆವರುತ್ತಿದ್ದೆ. ಬೀದಿಯಲ್ಲಿ ನಸೀಮಾಳ ದನಿ ಕೇಳಿಸಿತು. ಮೆಟ್ಟಿಲಿನಿಂದ ಹಾರಿ, ಚಾಪೆಯ ಮೇಲೆ ಬಿದ್ದು, ಕಂಬಳಿ ಎಳೆದುಕೊಂಡೆ. ಅಷ್ಟು ವೇಗವಾಗಿ ನಾನು ಯಾವ ಮೈದಾನದಲ್ಲೂ ಓಡಿರಲಿಲ್ಲ. ಅವಳು ಬಸ್ಸಿಳಿದು ಊರವರೆಗೆ ಮುಕ್ಕಾಲು ಮೈಲಿ ನಡೆದು ಬಂದಿದ್ದಳು. ಕೈಯಲ್ಲಿ ಬ್ರೆಡ್ಡು, ನಾಲ್ಕು ಮೂಸಂಬಿ. ಒಳಗೆ ಬರುವಾಗ ಹೊಸ್ತಿಲ ಮೇಲೆ ಬಲಗಾಲನ್ನು ಊರದೆ ದಾಟಿದ್ದನ್ನು ಕಂಬಳಿಯ ಸಂದಿನಿಂದ ನೋಡಿದೆ.

ಪಕ್ಕದಲ್ಲಿ ಕೂತು ಹಣೆ ಮುಟ್ಟಿದಳು. ‘ಜ್ವರ ಇಲ್ವಲ್ಲೇ! ಎಷ್ಟು ಬೆವರಿದೀಯ. ಬೆವರಿದ್ರೆ ಒಳ್ಳೇದು ಕಣೇ, ಜ್ವರ ಬುಡ್ತಾ ಐತೆ ಅಂತ.’ ತನ್ನ ದುಪಟ್ಟಾದಲ್ಲಿ ನನ್ನ ಹಣೆ, ಕುತ್ತಿಗೆ ಒರೆಸಿದಳು.

‘ನಿನ್ ಕಾಲು?’ ಎಂದು ಕೇಳಿದೆ. ಕೇಳದಿರಲು ಆಗಲಿಲ್ಲ.

‘ಐತೆ. ಹೋಗುತ್ತಂತಲ್ಲ, ಓಡ್ತಾ ಇದೀನಿ. ನೀನು ಬರ್ದೇ ಓಡಕ್ಕೆ ಬೇಜಾರು ಕಣೇ. ಹಿಂದ್ಗಡೆ ಯಾರೂ ಇಲ್ದೇ ಇದ್ರೆ ಕಾಲೇ ಬರಲ್ಲ.’

ಅವಳು ಹೋದ ಮೇಲೆ ಅವ್ವ ಮೂಸಂಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ‘ಯಾಕ್ಲಾ ಸುಳ್ಳೇಳ್ದೆ ಆ ಮಗೀಗೆ?’ ಅವ್ವನಿಗೆ ಕೋಪ ಬಂದಾಗ ನಾನು ಗಂಡುಮಗನಾಗುತ್ತಿದ್ದೆ.

‘ಓಟದಲ್ಲಿ ಹಂಗೇ ಕಣವ್ವ.’

‘ಅಂಥ ಓಟ ಯಾಕೆ ಓಡ್ತೀಯ?’ ಎಂದು ಮೂಸಂಬಿಯನ್ನು ನನ್ನ ಪಕ್ಕಕ್ಕಿಟ್ಟು ಹೋದಳು. ನಾಲ್ಕನ್ನೂ ನಾನೇ ತಿಂದೆ. ಸುಳ್ಳು ಹೇಳಿದವರಿಗೆ ಹಸಿವೆ ಕಡಿಮೆಯಾಗುತ್ತದೆ ಎಂದೇನೂ ಇಲ್ಲ.

ಮೂರು ವಾರಕ್ಕೆ ನನ್ನ ನೋವು ಹೋಯಿತು. ತೋಟದ ಉತ್ತ ಮಣ್ಣಿನಲ್ಲಿ, ಆಮೇಲೆ ನಾರಿನ ಫ್ಯಾಕ್ಟರಿಯ ಹಿಂದೆ ಸುರಿದಿದ್ದ ತೆಂಗಿನ ನಾರಿನ ಪುಡಿಯ ಮೇಲೆ ಓಡಿದೆ. ಹಾಸಿಗೆಯ ಮೇಲೆ ಓಡಿದ ಹಾಗೆ. ದಿನಕ್ಕಿಷ್ಟೇ ಎಂದು ಲೆಕ್ಕವಿಟ್ಟು ಹೆಚ್ಚಿಸಿದೆ. ತಾಲ್ಲೂಕು ಕ್ರೀಡಾಕೂಟದಲ್ಲಿ ನಸೀಮಾ ಮೊದಲು, ನಾನು ಎರಡನೆಯವಳು. ಆದರೆ ಆ ನಾಲ್ಕು ಹೆಜ್ಜೆ ಎರಡಕ್ಕಿಳಿದಿತ್ತು.

ಜಿಲ್ಲಾಮಟ್ಟದ ದಿನ ಬೆಳಗ್ಗೆ ತುಮಕೂರಿನ ಮೈದಾನದ ಅಂಚಿನಲ್ಲಿ ಕೂತು ಶೂ ಕಟ್ಟುತ್ತಿದ್ದೆವು. ನಸೀಮಾ ಪ್ಯಾಂಟು ಮೇಲಕ್ಕೆಳೆದು ಬಲಗಾಲಿನ ಮೇಲೆ ಹೆಬ್ಬೆರಳಿಟ್ಟಳು.

‘ಮೊದ್ಲು ಉದ್ದಕ್ಕೂ ನೋಯ್ತಿತ್ತಲ್ವಾ, ಈಗ ಅದೆಲ್ಲ ಹೋಯ್ತು ಕಣೇ. ಇಲ್ಲೊಂದೇ ಕಡೆ. ಸುಮ್ನೆ ಕೂತಿದ್ರೂ ನೋಯುತ್ತೆ. ಹೋಗ್ತಾ ಐತೆ ಅಂತ ತಾನೇ?’

ಮೇಡಂ ಹೇಳಿದ ಮಾತುಗಳನ್ನೇ, ಯಾರೂ ಹೇಳಿಕೊಡದೆ, ಅವಳು ಒಪ್ಪಿಸುತ್ತಿದ್ದಳು. ನನಗೆ ಎಲ್ಲ ಗೊತ್ತಿತ್ತು. ಏನಾಗುತ್ತದೆ ಎಂಬುದೂ ಗೊತ್ತಿತ್ತು. ಲೇಸು ಬಿಚ್ಚಿ ಮತ್ತೆ ಕಟ್ಟಿದೆ.

‘ಹೂಂ,’ ಎಂದೆ.

ಹಿಂದಿನ ಸುಳ್ಳಿಗೆ ಏನೋ ಒಂದು ನೆಪ ಹೇಳಿಕೊಳ್ಳಬಹುದು, ಬಾಯಿಗೆ ಬಂದುಬಿಟ್ಟಿತು ಎನ್ನಬಹುದು. ಈ ‘ಹೂಂ’ಗೆ ನನ್ನ ಬಳಿ ಯಾವ ನೆಪವೂ ಇಲ್ಲ. ಎಷ್ಟೋ ವರ್ಷ ಹುಡುಕಿದ್ದೇನೆ.

ಮೂರನೇ ಸುತ್ತಿನವರೆಗೂ ಜಡೆ ನನ್ನ ಮುಂದೆಯೇ ಇತ್ತು. ಉಳಿದವರೆಲ್ಲ ಬಹಳ ಹಿಂದೆ. ತಿರುವಿನಲ್ಲಿ ಅವಳ ಹೆಜ್ಜೆಯ ಸದ್ದು ಬದಲಾಯಿತು. ಒಂದು ಜೋರು, ಒಂದು ಮೆಲ್ಲಗೆ. ಆಮೇಲೆ ಓಡುತ್ತಿದ್ದವಳು ಪಕ್ಕಕ್ಕೆ ವಾಲಿ, ಯಾರೋ ಕೂರು ಎಂದ ಹಾಗೆ, ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟಳು. ‘ಮಂಜೀ!’ ಎಂದು ನನ್ನ ಹೆಸರು ಕೂಗಿದಳು. ಅವಳನ್ನು ದಾಟಿಕೊಂಡು ಹೋದೆ. ಮೊದಲ ಬಾರಿಗೆ ನನ್ನ ಮುಂದೆ ಯಾರೂ ಇರಲಿಲ್ಲ. ಬರೀ ಮಣ್ಣು ಕಾಣುತ್ತಿತ್ತು.

ಗೆದ್ದೆ. ಮೇಷ್ಟ್ರು ನನ್ನನ್ನು ಎತ್ತಿ ಸುತ್ತಿಸಿದರು. ಆ ಹೊತ್ತಿಗೆ ರಹಮತ್ ಮಾಮ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೈದಾನ ದಾಟುತ್ತಿದ್ದರು. ಅವತ್ತು ಅಂಗಡಿಗೆ ಬೀಗ ಹಾಕಿ ಓಟ ನೋಡಲು ಬಂದಿದ್ದರು. ಅವಳನ್ನು ಜೀಪಿನಲ್ಲಿ ಕೂರಿಸಿ, ಜೀಪು ಹೊರಡುವ ಮೊದಲು ನನ್ನ ಬಳಿಗೆ ಓಡಿಬಂದರು. ಬೈಯುತ್ತಾರೆ ಎಂದುಕೊಂಡೆ. ತಲೆಯ ಮೇಲೆ ಕೈಯಿಟ್ಟು, ‘ನೀನಾದ್ರೂ ಗೆದ್ದೆ ಬೇಟಿ. ಖುಷಿಯಾಯ್ತು’ ಎಂದರು.

ಮೂಳೆ ಬಿರುಕು ಬಿಟ್ಟಿತ್ತು. ಎರಡು ತಿಂಗಳು ಸಿಮೆಂಟ್ ಪಟ್ಟಿ. ನಾನು ರಾಜ್ಯಮಟ್ಟಕ್ಕೆ ಹೋಗಿ ಹನ್ನೊಂದನೆಯವಳಾಗಿ ಬಂದೆ. ಹನ್ನೊಂದನೆಯವಳಿಗೂ ಸರ್ಟಿಫಿಕೇಟು ಕೊಡುತ್ತಾರೆ. ಅದರ ಮೇಲೆ ಟ್ರೈನಿಂಗಿಗೆ ಸೀಟು, ಸೀಟಿನ ಮೇಲೆ ಕೆಲಸ, ಕೆಲಸದ ಮೇಲೆ ಮದುವೆ, ಮನೆ. ನಸೀಮಾಳ ಕಾಲು ಸರಿಹೋಯಿತು. ಈಗ ನೋಡಿದರೆ ಯಾವ ಕಾಲು ಎಂದು ಹೇಳಲಾಗದು. ಆದರೆ ಆ ಹೊತ್ತಿಗೆ ಪಿಯುಸಿ ಮುಗಿದಿತ್ತು. ಮತ್ತೆ ಓಡಿಸುವ ಮೇಷ್ಟ್ರೂ ಇರಲಿಲ್ಲ, ಮೈದಾನವೂ ಇರಲಿಲ್ಲ. ಅವಳು ತಂದೆಯ ಪಕ್ಕದ ಮಿಷನ್ನಿನಲ್ಲಿ ಕೂತಳು. ಪಟ್ಟಿ ಕಟ್ಟಿದ್ದಾಗ ಎರಡು ಸಲ ನೋಡಲು ಹೋಗಿದ್ದೆ. ಅವಳು ಕಡಿಮೆ ಮಾತಾಡಿದಳು, ಕಾಲು ನೋವೆಂದು ತಿಳಿದೆ. ಆಮೇಲೆ ಟ್ರೈನಿಂಗು, ದೂರ, ಪುರಸೊತ್ತಿಲ್ಲ. ತಪ್ಪು ಮಾಡಿದವರಿಗೆ ಪುರಸೊತ್ತು ಸಿಗುವುದು ಬಹಳ ಕಷ್ಟ.

ಹತ್ತು ವರ್ಷದ ಮೇಲೆ, ನಮ್ಮ ಶಾಲೆಯ ಕ್ರೀಡಾ ತಂಡಕ್ಕೆ ಬಟ್ಟೆ ಹೊಲಿಸಬೇಕಾಗಿ ಬಂತು. ಹೆಡ್ಮಾಸ್ಟರು, ‘ತುರುವೇಕೇರೇಲಿ ಒಬ್ರು ಲೇಡೀಸ್ ಟೈಲರ್ ಅವ್ರೆ, ಟ್ರ್ಯಾಕ್ ಪ್ಯಾಂಟು ಅವ್ರಷ್ಟು ಚೆನ್ನಾಗಿ ಯಾರೂ ಹೊಲಿಯಲ್ಲ ಕಣ್ರೀ’ ಎಂದು ವಿಳಾಸ ಕೊಟ್ಟರು. ವಿಳಾಸ ಓದುವ ಅಗತ್ಯ ನನಗಿರಲಿಲ್ಲ.

ಅಂಗಡಿ ದೊಡ್ಡದಾಗಿತ್ತು. ನಾಲ್ಕು ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರು. ರಹಮತ್ ಮಾಮ ಹಿಂದಿನ ವರ್ಷ ತೀರಿಕೊಂಡಿದ್ದರು. ನನಗೆ ಸುದ್ದಿಯೇ ಬಂದಿರಲಿಲ್ಲ, ಬರುವ ದಾರಿಯನ್ನು ನಾನು ಉಳಿಸಿಕೊಂಡಿರಲಿಲ್ಲ. ನಸೀಮಾ ಟೀ ತರಿಸಿದಳು. ಗಂಡನ ಮಿಕ್ಸಿ ರಿಪೇರಿ ಅಂಗಡಿ, ಮಕ್ಕಳ ಶಾಲೆ, ನನ್ನ ಅತ್ತೆ, ಎಲ್ಲ ಮಾತಾಯಿತು. ಹೆಣ್ಣುಮಕ್ಕಳು ಊಟಕ್ಕೆಂದು ಹೊರಗೆ ಹೋದರು. ಇಬ್ಬರೇ ಉಳಿದಾಗ ನಾನು ಟೀ ಲೋಟ ಕೆಳಗಿಟ್ಟೆ.

‘ನಸೀಮಾ, ಆವತ್ತು ಡಾಕ್ಟ್ರು...’

‘ಗೊತ್ತು ಕಣೇ,’ ಎಂದಳು.

ಅವಳು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ ಹೇಳಿದಳು. ‘ಸಿಮೆಂಟ್ ಪಟ್ಟಿ ಬಿಚ್ಚಿದ್ ಮ್ಯಾಲೆ ತುಮಕೂರಲ್ಲಿ ವ್ಯಾಯಾಮಕ್ಕೆ ಅಂತ ಒಬ್ರು ಮೇಡಂ ಹತ್ರ ಕಳಿಸಿದ್ರು. ಅವ್ರು ಹಾಳೆ ಬರ್ಕೊಟ್ರು. ತುರುವೇಕೆರೆಯಿಂದ ಇನ್ನೊಬ್ಳು ಓಡೋ ಹುಡುಗಿ ಬಂದಿದ್ಲು, ಅವಳಿಗೂ ಇದ್ನೇ ಕೊಟ್ಟಿದ್ದೆ, ತೋರಿಸ್ಲಿಲ್ವಾ ಅಂದ್ರು. ಅಬ್ಬಾ ಆಗ ಹೊರ್ಗಡೆ ಇದ್ರು.’

‘ಇಷ್ಟು ವರ್ಷ ನೀನು ಯಾಕೆ ಕೇಳ್ಲಿಲ್ಲ?’

‘ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳಿದ್ರೆ ಅಂತ.’

ಕ್ಷಮಿಸು ಎಂದೆನೋ, ಎನ್ನಲು ಹೋದೆನೋ ನೆನಪಿಲ್ಲ. ಅವಳು ಕೈ ಅಡ್ಡ ಮಾಡಿದಳು. ‘ಕಾಲಿನ್ ವಿಷಯ ಬುಡು. ಒಂದು ವರ್ಷ ನಿನ್ನ ಶಪಿಸಿದೀನಿ, ಆಮೇಲೆ ಸಾಕಾಯ್ತು. ಅಬ್ಬಂದೇ ನಂಗೆ ಬೇಜಾರು. ಸಾಯೋ ಮುಂಚೆನೂ ಅದ್ನೇ ಅಂತಿದ್ರು. ಆ ಬುಧವಾರ ನಾನು ಅಂಗಡಿ ಮುಚ್ಚಿ ಕರ್ಕಂಡು ಹೋಗಿದ್ರೆ ನನ್ ಮಗಳು ಓಡ್ತಿದ್ಲು, ಅಂಗಡಿ ಆಸೆಗೆ ಹೋಗ್ಲಿಲ್ಲ, ನಂದೇ ತಪ್ಪು ಅಂತ. ಮಿಷನ್ ತುಳೀತಾ ತುಳೀತಾ ನಿಲ್ಲಿಸಿ ಅನ್ನೋರು.’

‘ನಿಂಗೆ ಗೊತ್ತಿತ್ತಲ್ಲ. ಅವ್ರಿಗೆ ಹೇಳ್ಬಹುದಿತ್ತಲ್ಲೇ, ಅವ್ರದಲ್ಲ ತಪ್ಪು ಅಂತ.’

‘ಹೇಳ್ಬಹುದಿತ್ತು,’ ಎಂದಳು. ‘ಎಷ್ಟೋ ಸಲ ಬಾಯಿಗೆ ಬಂದಿತ್ತು. ಆದ್ರೆ ಗಿರಾಕಿಗಳ ಹತ್ರ ಎಲ್ಲ ನಿನ್ ವಿಷಯ ಹೇಳೋರು. ಇಬ್ರಿಗೂ ಪ್ಯಾಂಟು ಹೊಲ್ದೆ, ಒಬ್ಳು ಟೀಚರ್ ಆದ್ಲು ಅಂತ. ಅದೊಂದು ಸಮಾಧಾನ ಇತ್ತು ಅವ್ರಿಗೆ. ಅದ್ನೂ ಕಿತ್ಕಳ್ಳಕ್ಕೆ ನಂಗೆ ಮನಸ್ಸು ಬರ್ಲಿಲ್ಲ.’

ನನ್ನ ತಪ್ಪನ್ನು ಸಾಯುವವರೆಗೂ ಇನ್ನೊಬ್ಬರು ಹೊತ್ತಿದ್ದರು. ಅದೂ ನನ್ನ ಗೆಲುವನ್ನು ಹೊಗಳಿಕೊಂಡು. ಅವರಿದ್ದ ಅಷ್ಟು ವರ್ಷದಲ್ಲಿ ಯಾವ ಒಂದು ದಿನ ಬಸ್ಸು ಹತ್ತಿ ಬಂದು ಆ ಮೆಟ್ಟಿಲ ಮೇಲೆ ನಿಂತಿದ್ದರೂ ಸಾಕಿತ್ತು. ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಒಂದೂವರೆ ಗಂಟೆಯ ದಾರಿಯೂ ಅಲ್ಲ.

ನಾನು ಅಳುತ್ತಿದ್ದೆ ಎಂದು ತೋರುತ್ತದೆ. ನಸೀಮಾ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಊಟಕ್ಕೆ ಹೋಗಿದ್ದ ಹೆಣ್ಣುಮಕ್ಕಳು ವಾಪಸು ಬರುವ ಸದ್ದಾಯಿತು. ಅವಳು ಒಂದು ನೋಟ್‌ಬುಕ್ಕು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು.

‘ಮಕ್ಕಳ ಅಳತೆ ಹೇಳು.’

ಚೀಟಿ ತೆಗೆದ ನನಗೆ ಅಕ್ಷರ ಕಾಣುತ್ತಿರಲಿಲ್ಲ. ಮೊದಲ ಹುಡುಗಿಯ ಹೆಸರು ಓದಿದೆ. ಸೊಂಟ ಇಪ್ಪತ್ನಾಲ್ಕು, ಉದ್ದ ಮೂವತ್ತಾರು ಎಂದೆ. ಎಂದೆನೆಂದುಕೊಂಡೆ, ಮಾತು ಅವಳವರೆಗೆ ತಲುಪಿರಲಿಲ್ಲ.

ಪೆನ್ನು ಹಿಡಿದುಕೊಂಡು ಅವಳು ಕಾದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ ಹೇಳಿದಳು:

‘ಜೋರಾಗಿ ಹೇಳೇ. ನಂಗೆ ಕೇಳಿಸ್ಬೇಕು.’